ಹೊರದೇಶಕ್ಕೆ ಹೋಗಿ ವರದಿ ಮಾಡುವುದು: ಫ್ರೀಲ್ಯಾನ್ಸ್ ಪತ್ರಕರ್ತರಿಗೆ ಸಮಗ್ರ ಮಾರ್ಗದರ್ಶಿ

ಫ್ರೀಲ್ಯಾನ್ಸ್ ಆಗಿ, ಅಂದರೆ ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ, ಹೊರದೇಶ ಸುತ್ತಿ ವರದಿ ಮಾಡಿಕೊಂಡು ಬಂದ ಯುವ ಗೆಳೆಯರು ಮತ್ತೆ ಮತ್ತೆ ಹೇಳುವ ದೂರು ಒಂದೇ. "ಕೈಯಿಂದ ದುಡ್ಡು ಹಾಕಿ ಹೋದೆ. ಒಳ್ಳೆ ವಿಷಯ ಸಿಕ್ಕಿತು. ಈಗ ಯಾವ ಪತ್ರಿಕೆಯೂ ತಗೊಳ್ತಿಲ್ಲ." ಅವರ ಬರಹ ಓದಿ ನೋಡಿದರೆ ಭಾಷೆ ಚೆನ್ನಾಗಿಯೇ ಇರುತ್ತದೆ. ಎಡವಿರುವುದು ಕೆಲಸದ ಕ್ರಮದಲ್ಲಿ. ಮೊದಲು ಟಿಕೆಟ್, ಆಮೇಲೆ ವೀಸಾ, ಅಲ್ಲಿಗೆ ಇಳಿದ ಮೇಲೆ ಸುದ್ದಿಯ ಹುಡುಕಾಟ, ವಾಪಸ್ ಬಂದ ಮೇಲೆ ಸಂಪಾದಕರಿಗೆ ಮೇಲ್.

ಇದನ್ನು ಪೂರ್ತಿ ತಿರುಗಿಸಬೇಕು. ಸುದ್ದಿ, ಸಂಪಾದಕರ ಒಪ್ಪಿಗೆ, ಕೈಯಲ್ಲಿ ಪತ್ರ, ವೀಸಾ, ವಿಮೆ, ಸ್ಥಳೀಯ ಜೊತೆಗಾರ, ಕೊನೆಗೆ ಟಿಕೆಟ್. ಪ್ರತಿ ಹಂತವೂ ಅದರ ಹಿಂದಿನ ಹಂತದ ಕಾಗದವನ್ನು ಕೇಳುತ್ತದೆ. ಅದಕ್ಕೇ ಒಂದನ್ನು ಹಾರಿ ಇನ್ನೊಂದಕ್ಕೆ ಹೋಗಲು ಆಗುವುದಿಲ್ಲ.

ಒಂದೇ ಉದಾಹರಣೆ ಹಿಡಿದು ವಿವರಿಸುತ್ತೇನೆ: ಕೀನ್ಯಾದ ನೈವಾಷಾ ಸರೋವರದ ಸುತ್ತ ಇರುವ ಗುಲಾಬಿ ತೋಟಗಳು. ನೈರೋಬಿಯಿಂದ ಸುಮಾರು 90 ಕಿಲೋಮೀಟರ್. ಇಂಗ್ಲಿಷ್‌ನಲ್ಲಿ ವ್ಯವಹಾರ ನಡೆಯುತ್ತದೆ, ಮುಂಬೈಯಿಂದ ನೇರ ವಿಮಾನವಿದೆ. ನಮ್ಮ ದೊಡ್ಡಬಳ್ಳಾಪುರ ಕಡೆಯ ಪಾಲಿಹೌಸ್ ರೈತರು ಬೆಳೆಯುವ ಹೂವನ್ನೇ ಅಲ್ಲೂ ಬೆಳೆಯುತ್ತಾರೆ. ಮೊದಲ ಪ್ರಯಾಣಕ್ಕೆ ಇಂಥ ಜಾಗವೇ ಸರಿ. ಮೊದಲ ಸಲವೇ ಯುದ್ಧಭೂಮಿಗೆ ಹೋಗುವ ಆಸೆ ಇದ್ದರೆ ದಯವಿಟ್ಟು ಈಗಲೇ ಬಿಟ್ಟುಬಿಡಿ. ಅದು ಬೇರೆಯೇ ತರಬೇತಿ ಬೇಡುವ ಕೆಲಸ.

ಹಂತ 1: ವಿಷಯವನ್ನು ಸುದ್ದಿಯಾಗಿಸಿ

"ಕೀನ್ಯಾದ ಹೂವಿನ ಉದ್ಯಮ" ಅನ್ನುವುದು ವಿಷಯ. ಅದನ್ನು ಯಾರೂ ಕೊಳ್ಳುವುದಿಲ್ಲ. ಸುದ್ದಿ ಅಂದರೆ ಯಾರಿಗೆ ಏನಾಗುತ್ತಿದೆ, ಈಗಲೇ ಯಾಕೆ, ಈ ಓದುಗರಿಗೆ ಯಾಕೆ ಅನ್ನುವ ಪ್ರಶ್ನೆಗಳಿಗೆ ಉತ್ತರ ಇರುವಂಥದ್ದು. "ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಮೊದಲಿನ ವಾರಗಳಲ್ಲಿ ನೈವಾಷಾದ ಪ್ಯಾಕಿಂಗ್ ಶೆಡ್‌ನ ಹೆಂಗಸರು ಎಷ್ಟು ಹೊತ್ತು ದುಡಿಯುತ್ತಾರೆ, ಹೆಚ್ಚಿನ ಹೊತ್ತಿನ ಕೂಲಿ ಅವರಿಗೆ ಸಿಗುತ್ತದಾ?" ಇದು ಸುದ್ದಿಯ ಕಡೆಗೆ ಇಟ್ಟ ಹೆಜ್ಜೆ.

ಇನ್ನೊಂದು ದಾರಿ ನೀರಿನದು. ತೋಟಗಳಿಗೆ ನೀರು ಕೊಡುವುದು ಆ ಸರೋವರವೇ. ಈಚಿನ ವರ್ಷಗಳಲ್ಲಿ ಅದೇ ಸರೋವರ ಉಕ್ಕಿ ದಡದ ಬಡಾವಣೆಗಳ ಮನೆಗಳಿಗೆ ನುಗ್ಗಿದೆ. ಮೂರನೆಯ ದಾರಿ ಮಾರುಕಟ್ಟೆಯದು. ಅಲ್ಲಿನ ಹೂವಿನ ದೊಡ್ಡ ಪಾಲು ಯೂರೋಪಿಗೆ ಹೋಗುತ್ತದೆ, ನೆದರ್‌ಲ್ಯಾಂಡ್ಸ್‌ನ ಆಲ್ಸ್‌ಮೀರ್ ಹರಾಜು ಕಟ್ಟೆ ಅದರ ಹೆಸರಾಂತ ಬಾಗಿಲು. ಬೆಂಗಳೂರಿನ ಹೆಬ್ಬಾಳದಲ್ಲೂ ಹೂವಿನ ಹರಾಜು ಕೇಂದ್ರವಿದೆ. ಎರಡೂ ಕಡೆಯ ಬೆಳೆಗಾರರನ್ನು ಪಕ್ಕಪಕ್ಕ ನಿಲ್ಲಿಸಿದರೆ ಕನ್ನಡ ಓದುಗರಿಗೆ ಅದು ದೂರದ ದೇಶದ ಕತೆಯಾಗಿ ಉಳಿಯುವುದಿಲ್ಲ.

ಮನೆಯಲ್ಲೇ ಕೂತು ಮಾಡಬೇಕಾದ ಕೆಲಸ ಇಲ್ಲಿ ಜಾಸ್ತಿ. ಕೀನ್ಯಾದ ಪತ್ರಿಕೆಗಳನ್ನು ಓದಿ. ನೇಷನ್, ಸ್ಟ್ಯಾಂಡರ್ಡ್ ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಅಲ್ಲಿನ ಪತ್ರಕರ್ತರು ಈಗಾಗಲೇ ಬರೆದಿರುವುದನ್ನು ನೀವು ಮೊದಲ ಸಲ ಕಂಡುಹಿಡಿದ ಹಾಗೆ ಬರೆಯಬಾರದು. ಕಾರ್ಮಿಕ ಸಂಘದವರು, ಸರೋವರದ ಮೇಲೆ ಕೆಲಸ ಮಾಡಿದ ವಿಜ್ಞಾನಿ, ತೋಟ ಬಿಟ್ಟು ಬಂದ ಒಬ್ಬ ಕೆಲಸಗಾರ, ಹೀಗೆ ಕೆಲವರ ಜೊತೆ ಹೊರಡುವ ಮೊದಲೇ ಫೋನಿನಲ್ಲಿ ಮಾತಾಡಿ.

ಎಚ್ಚರಿಕೆಯ ಗುರುತು: ಸುದ್ದಿಯನ್ನು ಎರಡು ವಾಕ್ಯದಲ್ಲಿ ಹೇಳಲು ಬರುತ್ತಿಲ್ಲ ಅಂದರೆ ಇನ್ನೂ ಸುದ್ದಿ ಸಿಕ್ಕಿಲ್ಲ. ಅಲ್ಲಿಗೆ ಹೋಗದೆಯೇ ಬರೆಯಬಹುದಾದ ಸುದ್ದಿಗೆ ಹೋಗುವ ಖರ್ಚನ್ನು ಯಾರೂ ಕೊಡುವುದಿಲ್ಲ.

ಹಂತ 2: ಪಿಚ್ ಬರೆಯಿರಿ

ಪಿಚ್ ಅಂದರೆ ನಿಮ್ಮ ಬರಹದ ಯೋಜನೆಯನ್ನು ಸಂಪಾದಕರ ಮುಂದಿಡುವ ಮೇಲ್. ಅತಿ ಹೆಚ್ಚು ಜನ ಸೋಲುವುದು ಇಲ್ಲಿ. "ಸರ್, ಮುಂದಿನ ತಿಂಗಳು ಕೀನ್ಯಾಕ್ಕೆ ಹೋಗ್ತಿದ್ದೇನೆ, ಏನಾದರೂ ಬೇಕಾ?" ಎಂಬ ಮೇಲ್‌ಗೆ ಉತ್ತರ ಬರುವುದಿಲ್ಲ. ಸಂಪಾದಕರಿಗೆ ಬೇಕಾದದ್ದು ನಿಮ್ಮ ಪ್ರಯಾಣವಲ್ಲ, ಅವರ ಪುಟಕ್ಕೆ ಒಂದು ಬರಹ.

ಪಿಚ್ ಒಂದು ಪುಟ ದಾಟಬಾರದು. ಮೊದಲ ಪ್ಯಾರಾದಲ್ಲಿ ಸುದ್ದಿ. ಎರಡನೆಯದರಲ್ಲಿ ಈಗಲೇ ಯಾಕೆ, ಬೇರೆಯವರು ಬರೆದದ್ದರಲ್ಲಿ ಏನು ಬಿಟ್ಟುಹೋಗಿದೆ. ಮೂರನೆಯದರಲ್ಲಿ ಯಾರನ್ನು ಮಾತಾಡಿಸುತ್ತೀರಿ, ಅವರಲ್ಲಿ ಯಾರು ಆಗಲೇ ಒಪ್ಪಿದ್ದಾರೆ. ನಾಲ್ಕನೆಯದರಲ್ಲಿ ಎಷ್ಟು ಪದ, ಫೋಟೊ ಇದೆಯಾ, ಯಾವಾಗ ಕೊಡುತ್ತೀರಿ, ನೀವು ಯಾರು. ನಿಮ್ಮ ಪರಿಚಯ ಕೊನೆಗೇ ಇರಲಿ. ಹಳೆಯ ಬರಹಗಳ ಎರಡು ಕೊಂಡಿ ಸಾಕು.

ಕಾಲದ ಲೆಕ್ಕ ಮುಖ್ಯ. ಫೆಬ್ರವರಿಯ ಬರಹಕ್ಕೆ ನವೆಂಬರ್‌ನಲ್ಲೇ ಪಿಚ್ ಹೋಗಿರಬೇಕು. ಒಂದು ವಾರ ಕಾದು ಒಮ್ಮೆ ನೆನಪಿಸಿ. ಆಮೇಲೂ ಉತ್ತರ ಬರದಿದ್ದರೆ "ಇದನ್ನು ಬೇರೆಯವರಿಗೆ ಕಳಿಸುತ್ತಿದ್ದೇನೆ" ಅಂತ ತಿಳಿಸಿ ಮುಂದೆ ಹೋಗಿ.

ದುಡ್ಡಿನ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಒಂದು ಕನ್ನಡ ಪತ್ರಿಕೆಯ ಸಂಭಾವನೆಯಿಂದ ಹೊರದೇಶದ ಪ್ರಯಾಣದ ಖರ್ಚು ಹುಟ್ಟುವುದಿಲ್ಲ. ಒಂದು ಪ್ರಯಾಣ, ಹಲವು ಬರಹ ಅನ್ನುವ ಲೆಕ್ಕವೇ ಸರಿ. ಕನ್ನಡ ವಾರಪತ್ರಿಕೆಗೆ ಬೆಳೆಗಾರರ ಹೋಲಿಕೆ, ಇಂಗ್ಲಿಷ್ ಪತ್ರಿಕೆಗೆ ಸರೋವರದ ನೀರು, ಪಾಡ್‌ಕಾಸ್ಟ್‌ಗೆ ಹೆಂಗಸರ ದನಿ. ಅದೇ ಬರಹದ ತಲೆಬರಹ ಬದಲಿಸಿ ಇಬ್ಬರಿಗೆ ಮಾರಬೇಡಿ. ಅದು ಗೊತ್ತಾದ ದಿನ ಎರಡೂ ಬಾಗಿಲು ಮುಚ್ಚುತ್ತವೆ.

ಅನುದಾನದ ದಾರಿಯೂ ಇದೆ. ಪುಲಿಟ್ಜರ್ ಸೆಂಟರ್, ಅರ್ಥ್ ಜರ್ನಲಿಸಂ ನೆಟ್‌ವರ್ಕ್, ಹೆಂಗಸರಿಗಾಗಿ ಇಂಟರ್‌ನ್ಯಾಷನಲ್ ವಿಮೆನ್ಸ್ ಮೀಡಿಯಾ ಫೌಂಡೇಶನ್, ಇವೆಲ್ಲ ಫ್ರೀಲ್ಯಾನ್ಸ್ ಪತ್ರಕರ್ತರಿಗೂ ನೆರವು ಕೊಡುತ್ತವೆ. ಬರಹ ಎಲ್ಲಿ ಅಚ್ಚಾಗುತ್ತದೆ ಅನ್ನುವುದು ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು. ಹಾಗಾಗಿ ಅನುದಾನಕ್ಕೂ ಮೊದಲು ಸಂಪಾದಕರ ಒಪ್ಪಿಗೆಯೇ ಬೇಕು.

ಹಂತ 3: ಒಪ್ಪಿಗೆಯನ್ನು ಪತ್ರವಾಗಿಸಿ

"ಬರೆದು ಕಳಿಸಿ, ನೋಡೋಣ" ಅನ್ನುವುದು ಒಪ್ಪಿಗೆಯಲ್ಲ. ಅದನ್ನು ನಂಬಿ ವಿಮಾನ ಹತ್ತಬೇಡಿ.

ಮೇಲ್‌ನಲ್ಲಿ ಇಷ್ಟು ಬರಬೇಕು: ಸಂಭಾವನೆ ಎಷ್ಟು, ಬರಹ ಒಪ್ಪಿದಾಗ ಕೊಡುತ್ತಾರಾ ಅಥವಾ ಅಚ್ಚಾದ ಮೇಲಾ, ಪ್ರಯಾಣದ ಖರ್ಚಿನಲ್ಲಿ ಅವರ ಪಾಲು, ಫೋಟೊಗೆ ಬೇರೆ ಹಣವಾ, ಬೇರೆ ಭಾಷೆಯಲ್ಲಿ ಮತ್ತೆ ಪ್ರಕಟಿಸುವ ಹಕ್ಕು ಯಾರದು. ಇನ್ನೊಂದು ಕಿಲ್ ಫೀ. ಬರಹ ಒಪ್ಪಿಸಿದ ಮೇಲೆ ಪತ್ರಿಕೆ ಅದನ್ನು ಕೈಬಿಟ್ಟರೆ ನಿಮಗೆ ಸಿಗಬೇಕಾದ ಪಾಲು ಅದು. ಕೇಳಲು ಸಂಕೋಚ ಬೇಡ, ಹಲವು ಕಡೆ ಇರುವ ಪದ್ಧತಿಯೇ. "ಅಚ್ಚಾದ ಮೇಲೆ ಹಣ" ಅನ್ನುವ ಷರತ್ತಿನಲ್ಲಿ ಬರಹ ತಿಂಗಳುಗಟ್ಟಲೆ ಸಂಪಾದಕರ ಬಳಿಯೇ ಕೂತರೂ ನೀವು ಏನೂ ಮಾಡುವಂತಿಲ್ಲ. ಆದಷ್ಟು "ಒಪ್ಪಿದ ಮೇಲೆ" ಅಂತ ಬದಲಿಸಿಕೊಳ್ಳಿ.

ಇದಲ್ಲದೆ ಪತ್ರಿಕೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಪಡೆಯಿರಿ. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಯಾವ ದೇಶ, ಯಾವ ಕೆಲಸ, ಎಷ್ಟು ದಿನ, ಸಂಪಾದಕರ ಫೋನ್, ಸಹಿ. ವೀಸಾ, ವರದಿ ಮಾಡಲು ಬೇಕಾದ ಮಾನ್ಯತೆ, ವಿಮೆ ಎಲ್ಲದಕ್ಕೂ ಇದೇ ಕೀಲಿಕೈ. ಪತ್ರ ಕೊಡಲು ಹಿಂಜರಿದು "ಟೂರಿಸ್ಟ್ ಆಗಿ ಹೋಗಿಬಿಡಿ, ಯಾರೂ ಕೇಳಲ್ಲ" ಅನ್ನುವ ಸಂಪಾದಕರು ನಾಳೆ ನಿಮ್ಮನ್ನು ಅಲ್ಲಿನ ಪೊಲೀಸರು ಕೂರಿಸಿಕೊಂಡಾಗ ಫೋನ್ ಎತ್ತುತ್ತಾರೆ ಅಂತ ನಂಬಬೇಡಿ.

ಹಂತ 4: ವೀಸಾ, ಮಾನ್ಯತೆ, ಲಸಿಕೆ

ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕದಲ್ಲಿ ಪ್ರವಾಸಿ ವೀಸಾದಲ್ಲಿ ಪತ್ರಕರ್ತರ ಕೆಲಸ ಮಾಡುವಂತಿಲ್ಲ, ಅದಕ್ಕೆ ಐ ವೀಸಾ ಬೇಕು. ಫ್ರೀಲ್ಯಾನ್ಸ್ ಆದವರು ಮಾಧ್ಯಮ ಸಂಸ್ಥೆಯ ಜೊತೆಗಿನ ಒಪ್ಪಂದ ತೋರಿಸಬೇಕು. ಚೀನಾಕ್ಕೆ ಅಲ್ಪಾವಧಿಯ ವರದಿಗಾರಿಕೆಗೆ ಜೆ-2 ವೀಸಾ. ಬ್ರಿಟನ್ನಿನಲ್ಲಿ ಹೊರದೇಶದ ಪತ್ರಿಕೆಗೆ ಮಾಹಿತಿ ಕಲೆಹಾಕುವುದಕ್ಕೆ ಸಾಮಾನ್ಯ ಸಂದರ್ಶಕ ವೀಸಾದಲ್ಲೇ ಅವಕಾಶವಿದೆ. ಒಬ್ಬರ ಅನುಭವ ಇನ್ನೊಂದು ದೇಶಕ್ಕೆ ಹೊಂದುವುದಿಲ್ಲ, ನೇರ ಆ ದೇಶದ ರಾಯಭಾರ ಕಚೇರಿಯ ಪುಟವನ್ನೇ ಓದಿ.

ಕೀನ್ಯಾ 2024ರ ಜನವರಿಯಿಂದ ಹಳೆಯ ವೀಸಾ ಬದಲು ಇ-ಟಿಎ ಎಂಬ ಮುಂಗಡ ಅನುಮತಿ ತಂದಿದೆ. ಆದರೆ ಅದು ದೇಶದೊಳಗೆ ಬರಲು ಮಾತ್ರ. ವರದಿ ಮಾಡಲು ಮೀಡಿಯಾ ಕೌನ್ಸಿಲ್ ಆಫ್ ಕೀನ್ಯಾದಿಂದ ವಿದೇಶಿ ಪತ್ರಕರ್ತರ ಮಾನ್ಯತೆ ಬೇಕು. ಹಂತ 3ರ ಪತ್ರ ಮೊದಲು ಕೆಲಸಕ್ಕೆ ಬರುವುದು ಇಲ್ಲೇ.

ಸುಳ್ಳು ಹೇಳಿ ಹೋದರೆ ಏನಾಗುತ್ತದೆ? ನಿಮ್ಮನ್ನು ವಾಪಸ್ ಕಳಿಸುತ್ತಾರೆ, ಮುಂದಿನ ವೀಸಾಗಳಿಗೂ ಕಲ್ಲು ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಮ್ಮ ಫೋನಿನಲ್ಲಿರುವ ಹೆಸರುಗಳು ಅಧಿಕಾರಿಗಳ ಕೈಗೆ ಹೋಗುತ್ತವೆ. ನೀವು ವಿಮಾನ ಹತ್ತಿ ಬರುತ್ತೀರಿ. ನಿಮ್ಮ ಜೊತೆ ಮಾತಾಡಿದವರು ಅಲ್ಲೇ ಉಳಿಯುತ್ತಾರೆ.

ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಆರು ತಿಂಗಳ ಅವಧಿ, ಖಾಲಿ ಪುಟಗಳು ಇರಲಿ.

ಹಳದಿ ಜ್ವರದ ಲಸಿಕೆಯನ್ನು ಬಹಳ ಜನ ಮರೆಯುತ್ತಾರೆ. ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಅದರ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲೆಯೇ ಪ್ರಮಾಣಪತ್ರ ಚಾಲ್ತಿಗೆ ಬರುವುದು, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಹೊರಡುವ ಒಂದು ತಿಂಗಳ ಮೊದಲೇ ಮುಗಿಸಿ.

ಹಂತ 5: ಖರ್ಚು ಮತ್ತು ವಿಮೆ

ಬಜೆಟ್ ಬರೆಯುವವರು ವಿಮಾನ, ಹೋಟೆಲ್, ಊಟ ಅಂತ ಮೂರು ಸಾಲು ಹಾಕಿ ನಿಲ್ಲಿಸುತ್ತಾರೆ. ನಿಜವಾದ ಖರ್ಚು ಫಿಕ್ಸರ್ (ಸ್ಥಳೀಯ ಜೊತೆಗಾರ) ಮತ್ತು ವಾಹನದ್ದು. ಅವೆರಡನ್ನೂ ದಿನದ ಲೆಕ್ಕದಲ್ಲಿ ಮೊದಲು ಬರೆಯಿರಿ. ಆಮೇಲೆ ಭಾಷಾಂತರ, ಮಾನ್ಯತೆಯ ಶುಲ್ಕ, ಲಸಿಕೆ, ಡೇಟಾ, ಎರಡು ದಿನ ಹೆಚ್ಚು ಉಳಿಯಬೇಕಾಗಿ ಬಂದರೆ ಅದರ ಹಣ. ಮನೆಗೆ ಮರಳುವಷ್ಟು ದುಡ್ಡು ಬೇರೆ ಕಾರ್ಡಿನಲ್ಲಿ, ಬೇರೆ ಚೀಲದಲ್ಲಿ ಇರಲಿ.

ಸಾಮಾನ್ಯ ಪ್ರಯಾಣ ವಿಮೆ ಪ್ರವಾಸಿಗರಿಗಾಗಿ ಮಾಡಿದ್ದು. ಕೆಲಸದ ವೇಳೆ ಆದ ಗಾಯ, ಗಲಭೆ, ಪ್ರತಿಭಟನೆಯ ಜಾಗ, ಇವನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. "ನಾನು ಪತ್ರಕರ್ತ, ಈ ಊರಿನಲ್ಲಿ ಈ ಕೆಲಸ ಮಾಡುತ್ತೇನೆ, ರಕ್ಷಣೆ ಇದೆಯಾ?" ಅಂತ ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಏಜೆಂಟ್ ಹೇಳಿದ ಮಾತಿಗೆ ಬೆಲೆಯಿಲ್ಲ. ಕ್ಯಾಮೆರಾ, ಲ್ಯಾಪ್‌ಟಾಪ್‌ಗೆ ಬೇರೆ ವಿಮೆ ಬೇಕಾಗಬಹುದು. ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಮತ್ತು ರೋರಿ ಪೆಕ್ ಟ್ರಸ್ಟ್ ಫ್ರೀಲ್ಯಾನ್ಸ್‌ನವರ ವಿಮೆ, ಸುರಕ್ಷತೆಯ ಬಗ್ಗೆ ಕೊಡುವ ಮಾಹಿತಿ ಓದಿಕೊಳ್ಳಿ.

ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಇದರ ಜೊತೆಗೇ ಮುಗಿಸಿ. ಫೋಟೊಗ್ರಾಫರ್ ಟಿಮ್ ಹೆದರಿಂಗ್ಟನ್ 2011ರಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ಗಾಯಗೊಂಡು ರಕ್ತಸ್ರಾವದಿಂದ ತೀರಿಕೊಂಡರು. ಅದಾದ ಮೇಲೆ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ಫ್ರೀಲ್ಯಾನ್ಸ್ ಪತ್ರಕರ್ತರಿಗೆ ರಕ್ತ ನಿಲ್ಲಿಸುವುದನ್ನು ಕಲಿಸುವ ರಿಸ್ಕ್ ಎಂಬ ಸಂಸ್ಥೆ ಕಟ್ಟಿದರು. ಈ ಕಲಿಕೆ ಯುದ್ಧಕ್ಕೆ ಮಾತ್ರ ಅಲ್ಲ. ರಸ್ತೆ ಅಪಘಾತದಲ್ಲೂ ಬೇಕಾಗುವುದು ಇದೇ.

ಹಂತ 6: ಫಿಕ್ಸರ್ ಹುಡುಕಿ, ಜೊತೆಗಾರನಾಗಿ ನೋಡಿ

ಫಿಕ್ಸರ್ ಅಂದರೆ ಸಾಮಾನ್ಯವಾಗಿ ಸ್ಥಳೀಯ ಪತ್ರಕರ್ತ. ದಾರಿ ತೋರಿಸುತ್ತಾರೆ, ಜನರನ್ನು ಗೊತ್ತುಮಾಡುತ್ತಾರೆ, ಭಾಷಾಂತರ ಮಾಡುತ್ತಾರೆ, ಅಪಾಯ ವಾಸನೆ ಹಿಡಿಯುತ್ತಾರೆ. ಹೋಟೆಲಿನ ಡ್ರೈವರ್ ಈ ಕೆಲಸಕ್ಕೆ ಆಗುವುದಿಲ್ಲ. ನೀವು ಓದಿದ ಒಳ್ಳೆಯ ಸ್ಥಳೀಯ ವರದಿಯ ಬೈಲೈನ್, ಅಂದರೆ ಬರೆದವರ ಹೆಸರು ನೋಡಿ, ಅವರಿಗೇ ಬರೆಯಿರಿ. ತಾವು ಬರಲಾಗದಿದ್ದರೆ ಇನ್ನೊಬ್ಬರ ಹೆಸರು ಕೊಡುತ್ತಾರೆ.

ದಿನದ ಸಂಬಳ, ಕೆಲಸದ ಹೊತ್ತು, ಊಟ, ಪೆಟ್ರೋಲು ಮೊದಲೇ ಮಾತಾಡಿ. ಬರಹದಲ್ಲಿ ಹೆಸರು ಹಾಕಬೇಕಾ, ಹಾಕಿದರೆ ತೊಂದರೆಯಾ ಅಂತ ಅವರನ್ನೇ ಕೇಳಿ. ಸುದ್ದಿ ಹುಡುಕುವುದರಲ್ಲಿ ಅವರ ಕೈ ದೊಡ್ಡದಿದ್ದರೆ ಜಂಟಿ ಬೈಲೈನ್ ಕೊಡಿ. ಇದು ಉಪಕಾರವಲ್ಲ, ಅವರ ಹಕ್ಕು.

ಭಾಷಾಂತರದಲ್ಲಿ ಒಂದು ಗುರುತು ಗಮನಿಸಿ. ತೋಟದ ಕಾರ್ಮಿಕ ಹೆಂಗಸು ಎರಡು ನಿಮಿಷ ಮಾತಾಡಿದ್ದಾಳೆ, ನಿಮಗೆ ಬಂದದ್ದು "ಕೂಲಿ ಸಾಲದು ಅಂತಾಳೆ" ಎಂಬ ಒಂದು ವಾಕ್ಯ. ಅಲ್ಲೇ ನಿಲ್ಲಿಸಿ. ಒಂದೊಂದು ವಾಕ್ಯವಾಗಿ, ಆಕೆ ಹೇಳಿದ ಹಾಗೆಯೇ ಹೇಳಲು ಕೇಳಿಕೊಳ್ಳಿ. ಆಕೆ ಒಪ್ಪಿದರೆ ರೆಕಾರ್ಡ್ ಮಾಡಿ, ಮುಖ್ಯ ಭಾಗವನ್ನು ಸ್ವಾಹಿಲಿ ಬಲ್ಲ ಇನ್ನೊಬ್ಬರಿಂದ ಕೇಳಿಸಿ ತಾಳೆ ನೋಡಿ. ತೋಟದವರೇ ಕೊಟ್ಟ ದುಭಾಷಿ ಕಾರ್ಮಿಕರ ಸಂದರ್ಶನಕ್ಕೆ ಬೇಡ.

ಫಿಕ್ಸರ್ "ಇವತ್ತು ಆ ಕಡೆ ಬೇಡ" ಅಂದರೆ ಬೇಡ. ಚರ್ಚೆ ಹೋಟೆಲಿಗೆ ಬಂದ ಮೇಲೆ.

ಹಂತ 7: ಟಿಕೆಟ್ ಮತ್ತು ಚೀಲ

ಈಗ ಟಿಕೆಟ್ ತಗೊಳ್ಳಿ. ದಿನ ಬದಲಿಸಲು ಆಗುವ ಟಿಕೆಟ್ ಸ್ವಲ್ಪ ದುಬಾರಿಯಾದರೂ ಅದೇ ಒಳ್ಳೆಯದು.

ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಚೀಲದಲ್ಲಿ ಇಟ್ಟರೆ ತೆಗೆಸುತ್ತಾರೆ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಪವರ್ ಬ್ಯಾಂಕ್‌ನ ಲೆಕ್ಕದಲ್ಲಿ ಅದು ಸುಮಾರು 27,000 ಎಂಎಎಚ್. ಅದಕ್ಕಿಂತ ದೊಡ್ಡದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಕೀನ್ಯಾದಲ್ಲಿ ಚೌಕ ಕಾಲಿನ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್, ಅಡಾಪ್ಟರ್ ಒಯ್ಯಿರಿ.

ಬೆಲೆಬಾಳುವ ಕ್ಯಾಮೆರಾ ಇದ್ದರೆ ಹೊರಡುವಾಗ ನಮ್ಮ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಮರಳುವಾಗ ಹೊಸದಾಗಿ ಕೊಂಡು ತಂದದ್ದು ಅಂತ ಸುಂಕ ಕೇಳುವ ತಾಪತ್ರಯ ತಪ್ಪುತ್ತದೆ.

ಒಯ್ಯಬಾರದ್ದೂ ಇವೆ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಬಟ್ಟೆ, ವೈರ್ ಸುತ್ತಲು ನಾವು ಬಳಸುವ ಕವರುಗಳನ್ನು ಮನೆಯಲ್ಲೇ ಬಿಡಿ. ಡ್ರೋನ್‌ಗೆ ಅಲ್ಲಿನ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು, ಮೊದಲ ಪ್ರಯಾಣಕ್ಕೆ ಬೇಡವೇ ಬೇಡ. ಹೊರದೇಶದಲ್ಲಿ ಕೊಂಡ ಸ್ಯಾಟಲೈಟ್ ಫೋನನ್ನು ಭಾರತಕ್ಕೆ ತರಬೇಡಿ, ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಇಲ್ಲಿ ಅದು ಅಪರಾಧ.

ಹಂತ 8: ಅಲ್ಲಿ ದಿನ ನಡೆಸುವ ಕ್ರಮ

ಮೊದಲ ದಿನ ಸಂದರ್ಶನ ಇಟ್ಟುಕೊಳ್ಳಬೇಡಿ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಳ್ಳಿ, ಎಂ-ಪೆಸಾ ಮಾಡಿಸಿ. 2007ರಲ್ಲಿ ಶುರುವಾದ ಈ ಮೊಬೈಲ್ ಹಣ ಇಲ್ಲದೆ ಸಣ್ಣ ಊರುಗಳಲ್ಲಿ ಕಷ್ಟ. ಫಿಕ್ಸರ್ ಜೊತೆ ಕೂತು ಇಡೀ ವಾರದ ಪಟ್ಟಿ ನೋಡಿ. ನೈರೋಬಿಯ ಭಾರತೀಯ ಹೈಕಮಿಷನ್ ನಂಬರ್ ಕಾಗದದ ಮೇಲೂ ಬರೆದಿಡಿ.

ಊರಲ್ಲಿ ಒಬ್ಬರಿಗೆ ದಿನವೂ ಗೊತ್ತಾದ ಹೊತ್ತಿಗೆ ಸಂದೇಶ ಹಾಕಿ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಎಲ್ಲಿಗೆ, ಯಾರ ಜೊತೆ, ಯಾವ ಗಾಡಿ, ಎಷ್ಟಕ್ಕೆ ವಾಪಸ್. ಸಂದೇಶ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಅವರ ಹತ್ತಿರ ಬರೆದಿರಬೇಕು. ಶಾಂತವಾದ ದೇಶ ಅಂತ ಇದನ್ನು ಬಿಡಬೇಡಿ. ಸ್ವೀಡನ್ನಿನ ಫ್ರೀಲ್ಯಾನ್ಸ್ ಪತ್ರಕರ್ತೆ ಕಿಮ್ ವಾಲ್ 2017ರಲ್ಲಿ ಕೊಲೆಯಾದದ್ದು ಡೆನ್ಮಾರ್ಕಿನಲ್ಲಿ, ಒಂದು ಸಂದರ್ಶನಕ್ಕೆ ಹೋದಾಗ.

ಕಾರ್ಮಿಕರನ್ನು ತೋಟದೊಳಗೆ, ಸೂಪರ್‌ವೈಸರ್ ಕಣ್ಣೆದುರು ಮಾತಾಡಿಸಿದರೆ ನಿಜ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ, ಅವರು ಹೇಳಿದ ಜಾಗದಲ್ಲಿ ಭೇಟಿಯಾಗಿ. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ. ಹೆಸರು ಹಾಕಬಹುದಾ ಅಂತ ಕೇಳುವಾಗ "ಇದು ಭಾರತದಲ್ಲಿ ಬರುತ್ತದೆ" ಅಂತಷ್ಟೇ ಹೇಳಬೇಡಿ. "ಅಂತರ್ಜಾಲದಲ್ಲಿ ನಿಮ್ಮ ಮ್ಯಾನೇಜರ್ ಕೂಡ ನೋಡಬಹುದು" ಅಂತ ಬಿಡಿಸಿ ಹೇಳಿ. ಫೋಟೊದಲ್ಲಿ ಮುಖ ಮರೆಮಾಡಿದರೂ ಕೊರಳಿನ ಗುರುತಿನ ಚೀಟಿ, ಸಮವಸ್ತ್ರದ ನಂಬರ್, ಮನೆಯ ಬಾಗಿಲು ಆಕೆಯನ್ನು ತೋರಿಸಿಕೊಡುತ್ತವೆ. ಒಂದೊಂದು ಚಿತ್ರವನ್ನೂ ದೊಡ್ಡದು ಮಾಡಿ ನೋಡಿ. ಮಾತಿಗೆ ಹಣ ಕೊಡಬೇಡಿ. ಬಸ್ ಚಾರ್ಜು, ಚಹಾ ಕೊಡುವುದರಲ್ಲಿ ತಪ್ಪು ನನಗೆ ಕಾಣುವುದಿಲ್ಲ.

ತೋಟದ ಆಡಳಿತದವರ ಸಂದರ್ಶನ ಕೊನೆಗಿರಲಿ, ಆದರೆ ದೇಶ ಬಿಡುವ ಮೊದಲೇ ಆಗಲಿ. ಮೊದಲೇ ಹೋದರೆ ಕಾರ್ಮಿಕರಿಗೆ "ಯಾರ ಜೊತೆಯೂ ಮಾತಾಡಬೇಡಿ" ಎಂಬ ಆದೇಶ ಹೋಗಬಹುದು. ಆಡಳಿತದವರ ಉತ್ತರ ಇಲ್ಲದ ಬರಹ ಅರ್ಧ ಬರಹ.

ರಾತ್ರಿ ಹೆದ್ದಾರಿ ಪ್ರಯಾಣ ಬೇಡ. ಎಷ್ಟೇ ಸುಸ್ತಾಗಿದ್ದರೂ ಮಲಗುವ ಮೊದಲು ಫೋಟೊ, ರೆಕಾರ್ಡಿಂಗ್ ಎರಡು ಕಡೆ ಉಳಿಸಿ, ಹೆಸರುಗಳ ಕಾಗುಣಿತ ಸರಿಮಾಡಿ.

ಕೆಲಸ ನಿಲ್ಲಿಸಬೇಕಾದ ಗುರುತುಗಳು: ಒಂದೇ ಗಾಡಿ ಎರಡನೇ ಸಲ ಹಿಂದೆ ಕಂಡರೆ, ಯಾರೋ ಹೋಟೆಲಿಗೆ ಬಂದು ನಿಮ್ಮ ಬಗ್ಗೆ ವಿಚಾರಿಸಿದ್ದರೆ, ಮಾತಾಡಿದವರು ದಿಢೀರನೆ ಫೋನ್ ಎತ್ತುವುದು ಬಿಟ್ಟರೆ. ಆಗ ಮೊದಲು ಫಿಕ್ಸರ್, ಆಮೇಲೆ ಸಂಪಾದಕರು.

ಹಂತ 9: ಬರಹ, ಬಿಲ್ಲು, ಬಾಕಿ

ಮೊದಲ ಕರಡು ಅಲ್ಲಿರುವಾಗಲೇ ಬರೆಯಿರಿ. ಏನು ಬಿಟ್ಟುಹೋಗಿದೆ ಅಂತ ಗೊತ್ತಾಗುವುದು ಬರೆಯುವಾಗ, ಆಗ ಕೇಳಲು ಜನ ಪಕ್ಕದಲ್ಲೇ ಇರುತ್ತಾರೆ.

ಬರಹ ಕಳಿಸಿದ ದಿನವೇ ಇನ್ವಾಯ್ಸ್ ಕಳಿಸಿ. ಪ್ಯಾನ್‌ನಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು, ಇನ್ವಾಯ್ಸ್‌ನ ಹೆಸರು ಒಂದೇ ಇರಲಿ, ಹೊರದೇಶದಿಂದ ಹಣ ಬರಲು ಬೇಕಾದ ಬ್ಯಾಂಕಿನ ಸ್ವಿಫ್ಟ್ ಕೋಡ್ ಇರಲಿ. ಅಮೆರಿಕದ ಪತ್ರಿಕೆ ಡಬ್ಲ್ಯು-8 ಬೆನ್ ಎಂಬ ನಮೂನೆ ಕೇಳಿದರೆ ಗಾಬರಿ ಬೇಡ, ನೀವು ಅಲ್ಲಿನ ತೆರಿಗೆದಾರರಲ್ಲ ಅಂತ ಬರೆದುಕೊಡುವುದು ಅದು. ಹಣ ಬಂದಾಗ ಬ್ಯಾಂಕ್ ಯಾವ ಉದ್ದೇಶದ ಹಣ ಅಂತ ಕೇಳುತ್ತದೆ. ಇನ್ವಾಯ್ಸ್ ತೋರಿಸಿ, ಹೊರದೇಶದಿಂದ ಹಣ ಬಂದದ್ದಕ್ಕೆ ದೃಢೀಕರಣ ಪತ್ರ ಪಡೆದು ಫೈಲಿನಲ್ಲಿಡಿ. ತೆರಿಗೆ ಕಟ್ಟುವಾಗ ಬೇಕಾಗುತ್ತದೆ.

ಹೇಳಿದ ದಿನಕ್ಕೆ ಹಣ ಬರದಿದ್ದರೆ ಲೆಕ್ಕಪತ್ರ ವಿಭಾಗಕ್ಕೆ ಬರೆಯಿರಿ, ಸಂಪಾದಕರಿಗೆ ಒಂದು ಪ್ರತಿ ಹಾಕಿ. ಆದರೆ ಫಿಕ್ಸರ್‌ನ ಬಾಕಿಯನ್ನು ಅದಕ್ಕೆ ತಳುಕು ಹಾಕಬೇಡಿ. ಅವರ ಲೆಕ್ಕ ನೀವು ನೈರೋಬಿ ಬಿಡುವ ಮೊದಲೇ ಚುಕ್ತಾ ಆಗಿರಬೇಕು. ಬರಹ ಅಚ್ಚಾದಾಗ ಅದರ ಕೊಂಡಿಯನ್ನೂ ಇಂಗ್ಲಿಷ್‌ನಲ್ಲಿ ಸಾರಾಂಶವನ್ನೂ ಅವರಿಗೆ ಕಳಿಸಿ, ಮಾತಾಡಿದವರಿಗೆ ಅದನ್ನು ಓದಿ ಹೇಳಲು ಕೇಳಿಕೊಳ್ಳಿ.